ಚರ್ಮದಡಿಯ ಮದ್ದು

"ಕಣ್ಣು ಮುಚ್ಚಿ. ಕಾಲು ಜೋಡಿಸಿ ನಿಲ್ಲಿ. ಹಿಂದೆ ನಾನಿದ್ದೀನಿ, ಬೀಳೋಕೆ ಬಿಡಲ್ಲ," ಎಂದರು ಕಿವಿ ಡಾಕ್ಟರು.

ಡ್ರೈವರ್ ಕಣ್ಣು ಮುಚ್ಚಿದ. ಹೊರಗಿನ ಸದ್ದು ಒಳಗೆ ಬಾರದ ಪುಟ್ಟ ಕೋಣೆ ಅದು. ಗೋಡೆಗೆಲ್ಲ ತೂತು ತೂತಿನ ಹಲಗೆ, ಬಾಗಿಲಿಗೆ ರಬ್ಬರಿನ ಅಂಚು. ಗಾಜಿನ ಆಚೆ ಇಬ್ಬರು ನಿಂತು ನೋಡುತ್ತಿದ್ದರು. ಒಬ್ಬಳು ಅವನ ಹೆಂಡತಿ, ಶಾಲೆಯಲ್ಲಿ ಪೀಟಿ ಟೀಚರ್. ಇನ್ನೊಬ್ಬರು ಅವರ ಲಾಯರ್ ಕಚೇರಿಯಿಂದ ಬಂದ, ಎಲ್ಲರೂ ಅತ್ತೆ ಎಂದೇ ಕರೆಯುವ ಹೆಂಗಸು.

ಡಾಕ್ಟರು ಮೊದಲು ಎಡಗಿವಿಗೆ ಸದ್ದು ಬಿಟ್ಟರು. ಡ್ರೈವರ್ ಕಂಬದಂತೆ ನಿಂತಿದ್ದ. ಆಮೇಲೆ ಬಲಗಿವಿಗೆ ಬಿಟ್ಟರು. ಯಾರೋ ಭುಜಕ್ಕೆ ಕೈಕೊಟ್ಟು ನೂಕಿದಂತೆ ಆ ಎತ್ತರದ ಆಳು ಒಂದೇ ಸಲಕ್ಕೆ ಬಲಕ್ಕೆ ವಾಲಿದ. ಡಾಕ್ಟರು ಕಂಕುಳಿಗೆ ಕೈಹಾಕಿ ಹಿಡಿಯದಿದ್ದರೆ ಮೂಗು ನೆಲಕ್ಕೆ ತಾಗುತ್ತಿತ್ತು.

ಟೀಚರ್ ತುಟಿ ಕಚ್ಚಿಕೊಂಡಳು. ಅತ್ತೆ ಮಾತ್ರ ತಲೆಯಾಡಿಸಿದರು, ಬೇಕಾದ ಬೆಲೆಗೆ ಬೇಕಾದ ಸೀರೆ ಸಿಕ್ಕವರಂತೆ.

ಡಾಕ್ಟರು ಹೊರಗೆ ಬಂದು ವಿವರಿಸಿದರು. ಕಿವಿಯೊಳಗೆ ಕೇಳುವ ಭಾಗ ಒಂದು, ಮೈಯ ತೂಕ ಹಿಡಿಯುವ ಭಾಗ ಇನ್ನೊಂದು. ಈ ಮನುಷ್ಯನ ಬಲಗಿವಿಯೊಳಗಿನ ಮೂಳೆ ಬಿರುಕು ಬಿಟ್ಟಿದೆ. ಕೇಳುವ ಕಡೆ ಹೋಗಬೇಕಾದ ಸದ್ದು ಆ ಬಿರುಕಿನಿಂದ ತೂಕದ ಕಡೆ ನುಗ್ಗುತ್ತದೆ. ಹಾರನ್ ಹೊಡೆದರೆ ಸಾಕು, ಭೂಮಿ ವಾಲುತ್ತದೆ. ಬಿರುಕು ಮುಚ್ಚುವ ಶಸ್ತ್ರಚಿಕಿತ್ಸೆ ಇದೆ; ಅದನ್ನು ಮಾಡುವ ಕೈ ಇರುವುದು ಸೈನ್ಯದ ದೊಡ್ಡ ಆಸ್ಪತ್ರೆಯಲ್ಲಿ. ತಡಮಾಡಿದರೆ ಆ ಕಿವಿ ಪೂರ್ತಿ ಹೋಗುತ್ತದೆ.

ಆ ಆಸ್ಪತ್ರೆಯ ಬಾಗಿಲು ತೆರೆಯಬೇಕಾದರೆ ಕಾಯಿಲೆ ಅವನು ಸೈನ್ಯದ ಲಾರಿ ಡ್ರೈವರಾಗಿ ಸೇವೆಯಲ್ಲಿದ್ದಾಗ ಬಂದದ್ದು ಎಂದು ಸಾಬೀತಾಗಬೇಕಿತ್ತು. ವೈದ್ಯಕೀಯ ಮಂಡಳಿ ಒಪ್ಪಿರಲಿಲ್ಲ. ಕಾಯಿಲೆ ಇರುವುದು ನಿಜ, ಆದರೆ ಅದು ನಿವೃತ್ತಿಯಾದ ಮೇಲೆ ಸ್ಕೂಟರಿನಿಂದ ಬಿದ್ದದ್ದರ ಫಲ ಎಂದು ಅರ್ಜಿ ತಳ್ಳಿಹಾಕಿತ್ತು. ಮೇಲ್ಮನವಿಯ ವಿಚಾರಣೆ ಸೋಮವಾರ.

"ಡಾಕ್ಟ್ರೇ, ಇದನ್ನೂ ಸ್ವಲ್ಪ ನೋಡಿ," ಎಂದು ಅತ್ತೆ ಡ್ರೈವರನ ಅಂಗಿಯ ಕಾಲರನ್ನು ಮೆಲ್ಲಗೆ ಕೆಳಗೆಳೆದರು.

ಬಲಗಿವಿಯ ಹಿಂದಿನಿಂದ ಕುತ್ತಿಗೆಯವರೆಗೆ, ಸಾಸಿವೆ ಎರಚಿದಂತೆ, ನೀಲಿಗಪ್ಪು ಚುಕ್ಕೆಗಳು. ಸಿಡುಬಿನ ಕಲೆ ಎಂದು ಟೀಚರ್ ಇಷ್ಟು ವರ್ಷ ತಿಳಿದಿದ್ದಳು. ಡಾಕ್ಟರು ದೀಪ ಹಿಡಿದು, ಭೂತಗನ್ನಡಿ ಹಿಡಿದು ನೋಡಿದರು.

"ಇದು ಸಿಡುಬಲ್ಲ. ಹಚ್ಚೆ."

"ಹಚ್ಚೆ ಹಾಕಿಸಿಕೊಳ್ಳೋ ಜಾಯಮಾನ ಅಲ್ಲ ಇವರದ್ದು," ಎಂದಳು ಟೀಚರ್.

"ಇವರು ಹಾಕಿಸಿಕೊಂಡಿದ್ದಲ್ಲಮ್ಮ, ಹಾಕಿಬಿಟ್ಟಿದೆ. ಹತ್ತಿರದಲ್ಲಿ ಏನಾದ್ರೂ ಸ್ಫೋಟ ಆದ್ರೆ ಮದ್ದಿನ ಪುಡಿ ಚರ್ಮದೊಳಗೆ ಹೊಕ್ಕಿ ಕೂತುಬಿಡುತ್ತೆ. ಮೇಲೆ ಚರ್ಮ ಬೆಳೆಯುತ್ತೆ, ಒಳಗಿರೋದು ಹೋಗಲ್ಲ."

ಮದ್ದು ಎಂಬ ಪದಕ್ಕೆ ಕಾಯಿಲೆ ವಾಸಿ ಮಾಡುವುದೂ ಅರ್ಥ, ಕಾಯಿಲೆ ತರುವುದೂ ಅರ್ಥ ಎಂದು ಅತ್ತೆಗೆ ಹೊಳೆದು ನಗು ಬಂತು. ಡ್ರೈವರ್ ನಗಲಿಲ್ಲ. ಕಾಲರನ್ನು ಮೇಲೆಳೆದುಕೊಂಡು ಗುಂಡಿ ಹಾಕಿಕೊಂಡ, ಯಾರಾದರೂ ನೋಡಿಯಾರು ಎಂಬಂತೆ.

ಅತ್ತೆ ಅದನ್ನು ನೋಡಿದರು.

*

ಅತ್ತೆ ಸೈನ್ಯದ ಪೊಲೀಸಿನಲ್ಲಿ ಅರ್ಧ ಆಯುಷ್ಯ ಕಳೆದವರು. ಈಗ ಲಾಯರ್ ಆಗಿರುವ ಸೋದರಳಿಯನ ಕಚೇರಿಯಲ್ಲಿ ಪತ್ತೇದಾರಿಕೆ ಅವರದು. ಅವನು ಅತ್ತೆ ಎನ್ನುತ್ತಿದ್ದುದರಿಂದ ಗುಮಾಸ್ತರೂ ಅತ್ತೆ ಎಂದರು, ಕಕ್ಷಿದಾರರೂ ಅತ್ತೆ ಎಂದರು. ಒಬ್ಬ ಜಡ್ಜು ಬಾಯ್ತಪ್ಪಿ ತುಂಬಿದ ಕೋರ್ಟಿನಲ್ಲೇ ಅತ್ತೆ ಎಂದಿದ್ದರಂತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಅವರ ಹತ್ತಿರ ನಡೆಯುತ್ತಿರಲಿಲ್ಲ. ಸೊಸೆಯೇ ಇಲ್ಲದ್ದರಿಂದ ಎಲ್ಲ ಕಾಲವೂ ಅವರದೇ.

ಸ್ಕೂಟರಿನ ಕತೆಯನ್ನು ಅವರು ಆಗಲೇ ಮುಗಿಸಿಬಿಟ್ಟಿದ್ದರು. ಡ್ರೈವರ್ ಬಿದ್ದ ಕೂಡುರಸ್ತೆಗೆ ಹೋಗಿ, ಅಂದು ಅಲ್ಲಿ ಕೆಲಸದಲ್ಲಿದ್ದ ಟ್ರಾಫಿಕ್ ಪೇದೆಯನ್ನು ಹುಡುಕಿದ್ದರು. ಪೇದೆಗೆ ಚೆನ್ನಾಗಿ ನೆನಪಿತ್ತು. ಕೆಂಪು ದೀಪ ಬಿದ್ದಿತ್ತು, ಸ್ಕೂಟರ್ ನಿಂತಿತ್ತು, ಅವನ ಕಾಲು ನೆಲದ ಮೇಲಿತ್ತು. ಹಿಂದಿನ ಬಸ್ಸಿನವನು ಹಾರನ್ ಒತ್ತಿದ. ನಿಂತ ಗಾಡಿಯಿಂದ ಕಡಿದ ಬಾಳೆಗಿಡದಂತೆ ಬಲಕ್ಕೆ ಬಿದ್ದ. ಕುಡಿದಿರಬೇಕು ಎಂದು ಪೇದೆ ಬಾಯಿ ಮೂಸಿ ನೋಡಿದ್ದ. ಏಲಕ್ಕಿಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಎಂದರೆ ಬಿದ್ದದ್ದರಿಂದ ಕಿವಿ ಕೆಟ್ಟಿದ್ದಲ್ಲ. ಕಿವಿ ಕೆಟ್ಟಿದ್ದರಿಂದ ಬಿದ್ದದ್ದು. ಮಂಡಳಿಯವರು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದ್ದರು.

ಕುಡುಕ ಎಂಬ ಮಾತು ಹೊಸದೇನಲ್ಲ. ಟೀಚರ್ ಅದನ್ನು ಬೀದಿಯಲ್ಲೂ ಕೇಳಿದ್ದಳು, ಶಾಲೆಯ ಸ್ಟಾಫ್ ರೂಮಿನಲ್ಲೂ ಕೇಳಿದ್ದಳು. ಹಗಲಲ್ಲೇ ಗೋಡೆ ಹಿಡಿದು ನಡೆಯುವ ಗಂಡ. ಜನ ಇನ್ನೇನು ಅಂದಾರು? ಅವಳು ತನ್ನ ಪೀಟಿ ಸೀಟಿಯನ್ನು ಮನೆಗೆ ತರುವುದನ್ನೇ ಬಿಟ್ಟಿದ್ದಳು. ಒಮ್ಮೆ ಅದು ಮಗಳ ಕೈಗೆ ಸಿಕ್ಕಿತ್ತು, ಮಗು ಆಟಕ್ಕೆ ಊದಿತ್ತು. ಊಟ ಬಡಿಸಿಕೊಂಡು ಬರುತ್ತಿದ್ದ ಅಪ್ಪ ತಟ್ಟೆಯೊಂದಿಗೆ ಕುಸಿದಿದ್ದ. ಅಂದಿನಿಂದ ಮಗು ಮನೆಯಲ್ಲಿ ಪಿಸುಮಾತಿನಲ್ಲೇ ಮಾತಾಡುತ್ತದೆ.

ಅರ್ಜಿ ಹಾಕಿಸಿದ್ದು ಅವಳು, ತಿರಸ್ಕಾರವಾದಾಗ ಕಚೇರಿಗೆ ಬಂದದ್ದೂ ಅವಳು. ಡ್ರೈವರ್ ಮಾತ್ರ ಕರೆದಲ್ಲಿಗೆ ಬರುತ್ತಿದ್ದ, ಕೂರಿಸಿದಲ್ಲಿ ಕೂರುತ್ತಿದ್ದ.

*

"ಒಲೆಗೆ ಮೂರು ಕಲ್ಲು ಬೇಕು," ಎಂದರು ಅತ್ತೆ, ಅಳಿಯನ ಮೇಜಿನ ಮೇಲೆ ಮೂರು ಪೇಪರ್‌ವೇಟ್ ಇಡುತ್ತಾ. "ಇವತ್ತು ಕಾಯಿಲೆ ಇದೆ. ಇದೊಂದು ಕಲ್ಲು. ಕಾಯಿಲೆಗೂ ಸ್ಫೋಟಕ್ಕೂ ಸಂಬಂಧ ಇದೆ ಅಂತ ಡಾಕ್ಟ್ರು ಬರೆದುಕೊಡ್ತಾರೆ. ಇದೊಂದು."

"ಮೂರನೇದು?"

"ಸೇವೆಯಲ್ಲಿದ್ದಾಗ ಆ ಸ್ಫೋಟ ಆಗಿದೆ ಅಂತ ಯಾರಾದ್ರೂ ಹೇಳಬೇಕು."

ಅಳಿಯ ಆ ಮೂರನೆಯದನ್ನು ತೆಗೆದು ಡ್ರಾಯರಿಗೆ ಹಾಕಿದ. ಆ ಕಲ್ಲೇ ಇಲ್ಲ ಎನ್ನುವುದು ಅವನ ಅಭಿಪ್ರಾಯ. ಡ್ರೈವರನ ಮೇಲಧಿಕಾರಿಯಾಗಿದ್ದ ಮೇಜರ್, ಈಗ ನಿವೃತ್ತರು, ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದರು: ಡ್ರೈವರ್ ಹೇಳುವ ಆ ವಾರ ಮದ್ದುಗುಂಡಿನ ಗೋದಾಮಿನಲ್ಲಿ ಯಾವ ಅವಘಡವೂ ಆಗಿಲ್ಲ, ಡ್ರೈವರ್ ಅಲ್ಲಿರಲೇ ಇಲ್ಲ, ರಜೆಯಲ್ಲಿದ್ದ. ಮೇಜರ್ ಮಾತಿನ ಎದುರು ಡ್ರೈವರನ ಮಾತು ಆನೆಯ ಎದುರು ಆಡು.

ಆಡಾದರೂ ಅರಚಬೇಕಲ್ಲ. ಡ್ರೈವರ್ ಅರಚುತ್ತಲೂ ಇರಲಿಲ್ಲ. ಅಂದು ಏನಾಯಿತು ಎಂದು ಅತ್ತೆ ಮೂರು ಬಗೆಯಲ್ಲಿ ಕೇಳಿದ್ದರು. ಹಳೇ ಮದ್ದುಗುಂಡು ಸುಡೋ ಗುಂಡಿಯ ಹತ್ತಿರ ಮೇಜರ್ ಸಾಹೇಬರ ಜೊತೆ ನಿಂತಿದ್ದೆ, ಸದ್ದಾಯಿತು, ಆಮೇಲೆ ನೆನಪಿಲ್ಲ. ಅಷ್ಟೇ. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದರೆ ನೆಲ ನೋಡುತ್ತಿದ್ದ.

"ಮೇಜರ್ ಸುಳ್ಳು ಹೇಳ್ತಿದ್ದಾರೋ, ಇಲ್ಲ ನಮ್ಮ ಕಕ್ಷಿದಾರನೋ?" ಎಂದು ಅಳಿಯ ಕೇಳಿದ.

"ಇಬ್ಬರಲ್ಲಿ ಒಬ್ಬರೇ ಸುಳ್ಳು ಹೇಳಬೇಕು ಅಂತ ಯಾವ ಕಾನೂನಿದೆ?" ಅತ್ತೆ ಚೀಲ ಹೆಗಲಿಗೇರಿಸಿದರು. "ಮೇಜರ್ ಮನೆ ಎಲ್ಲಿ?"

ಜೇನುಗೂಡಿಗೆ ಕಲ್ಲು ಹೊಡೆಯಬೇಡಿ ಎಂದು ಅಳಿಯ ಬೇಡಿಕೊಂಡ. ಸೋಮವಾರದ ಹೊತ್ತಿಗೆ ಸಾಕ್ಷಿಯನ್ನು ಬೆದರಿಸಿದರೆಂಬ ದೂರು ಬಂದರೆ ಇದ್ದದ್ದೂ ಹೋದೀತು ಎಂದ.

"ಕಲ್ಲು ಯಾರು ಹೊಡೀತಾರೆ? ಮೇಜರ್ ಈಗ ಜೇನು ಸಾಕ್ತಾರಂತೆ. ನಾನು ಜೇನುತುಪ್ಪ ತರೋಕೆ ಹೋಗ್ತಿದ್ದೀನಿ."

*

ಟೀಚರ್ ತನ್ನ ಕಾರಿನಲ್ಲಿ ಕರೆದೊಯ್ದಳು. ಗೇಟಿನ ಹತ್ತಿರ ತಾನೂ ಇಳಿಯಹೊರಟಳು. ಅತ್ತೆ ತಡೆದರು. ಇಬ್ಬರೂ ಹೋದರೆ ಅದು ಜಗಳ, ಒಬ್ಬಳೇ ಹೋದರೆ ಮಾತುಕತೆ ಎಂದು ಹೇಳಿ ಕಾರಿನಲ್ಲೇ ಕೂರಿಸಿದರು.

ಮನೆಯ ಹಿಂದೆ ಇಳಿಜಾರಿನ ತೋಟ. ಸಾಲಾಗಿ ಬಿಳಿ ಬಣ್ಣದ ಮರದ ಪೆಟ್ಟಿಗೆಗಳು, ಅವುಗಳ ಸುತ್ತ ಗುಂಯ್‌ಗುಡುವ ಗಾಳಿ. ತಲೆಯಿಂದ ಎದೆಯವರೆಗೆ ಬಲೆಯ ಮುಸುಕು, ಮೊಣಕೈವರೆಗೆ ಚರ್ಮದ ಗ್ಲೌಸು ತೊಟ್ಟ ಒಬ್ಬ ಎತ್ತರದ ಮುದುಕರು ಒಂದು ಪೆಟ್ಟಿಗೆಯಿಂದ ಚೌಕಟ್ಟು ಎತ್ತಿ ನೋಡುತ್ತಿದ್ದರು.

ಅತ್ತೆ ಎಡಗಡೆಯಿಂದ ಬಂದು ನಮಸ್ಕಾರ ಎಂದರು. ಉತ್ತರವಿಲ್ಲ. ಸುತ್ತಿ ಬಲಗಡೆಗೆ ಬಂದು ಅದೇ ದನಿಯಲ್ಲಿ ನಮಸ್ಕಾರ ಎಂದರು. ಮೇಜರ್ ತಟ್ಟನೆ ತಿರುಗಿದರು.

ಅತ್ತೆಗೆ ಅಷ್ಟೇ ಸಾಕಿತ್ತು. ಉಳಿದದ್ದು ನಿಧಾನವಾಗಿ ಆಗಬಹುದು.

ಅವರು ತಾವು ಯಾರು, ಯಾಕೆ ಬಂದದ್ದು ಎಂಬುದನ್ನು ಮುಚ್ಚಿಡಲಿಲ್ಲ. ಮೇಜರ್ ಕೂಡ ಸಭ್ಯರೇ. ಸ್ಫೋಟ ಆಗಿಲ್ಲ, ಅವನು ರಜೆಯಲ್ಲಿದ್ದ ಎಂದರು. ಹೇಳಿಕೆಯಲ್ಲಿದ್ದ ವಾಕ್ಯವೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಪಾಪದ ಮನುಷ್ಯ, ಒಳ್ಳೇ ಡ್ರೈವರ್, ಆದರೆ ಕಷ್ಟಕ್ಕೆ ಸಿಕ್ಕವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ ಎಂದರು.

"ಆಯ್ತು ಬಿಡಿ ಸಾಹೇಬ್ರೆ. ಬಂದಿದ್ದಕ್ಕೆ ಒಂದು ಬಾಟಲಿ ಜೇನುತುಪ್ಪ ಕೊಡಿ."

ಮೇಜರ್‌ಗೆ ಉಸಿರು ಹಗುರವಾದಂತಿತ್ತು. ಹಲಗೆಯ ಮೇಲಿದ್ದ ಬಾಟಲಿ ತೆಗೆದುಕೊಂಡು, ಬಲಗೈ ಗ್ಲೌಸು ಕಳಚಿ ಮುಚ್ಚಳ ಬಿಗಿದರು. ಎಡಗೈಯದು ಹಾಗೇ ಇತ್ತು.

"ಎಡಗ್ಲೌಸಿನೊಳಗೆ ಹುಳ ಹೋದ ಹಾಗಿತ್ತಲ್ಲ ಸಾಹೇಬ್ರೆ," ಎಂದರು ಅತ್ತೆ, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಾ.

ಜೇನು ಸಾಕಿದವನಿಗೆ ಯೋಚಿಸಲು ಪುರುಸೊತ್ತೆಲ್ಲಿ? ಮೇಜರ್ ಒಂದೇ ಎಳೆತಕ್ಕೆ ಗ್ಲೌಸು ಕಿತ್ತು ಕೈ ಕೊಡವಿದರು. ಹುಳ ಇರಲಿಲ್ಲ. ಬೆರಳ ಗೆಣ್ಣಿನಿಂದ ಮಣಿಕಟ್ಟು ದಾಟಿ ತೋಳಿನೊಳಗೆ ಹೋದ ನೀಲಿಗಪ್ಪು ಚುಕ್ಕೆಗಳಿದ್ದವು.

ಮೇಜರ್ ಕೈ ನೋಡಿದರು, ಅತ್ತೆಯ ಮುಖ ನೋಡಿದರು. ಗ್ಲೌಸನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಅದರಿಂದ ಈಗ ಪ್ರಯೋಜನವಿಲ್ಲ ಎಂದು ತಿಳಿಯುವಷ್ಟು ಅವರು ಜಾಣರು.

"ಗಡಿಯಲ್ಲಿದ್ದಾಗ ಆಗಿದ್ದು," ಎಂದರು.

"ಇರಬಹುದು. ಆದ್ರೆ ಒಂದು ಲೆಕ್ಕ ನೋಡಿ. ನಮ್ಮ ಡ್ರೈವರ್‌ಗೆ ಬಲಗಿವಿ ಹೋಗಿದೆ, ಚುಕ್ಕೆ ಬಲಗಡೆ. ನಿಮಗೆ ಎಡಗಿವಿ ಕೇಳಿಸಲ್ಲ, ಚುಕ್ಕೆ ಎಡಗಡೆ. ಇಬ್ಬರು ಎದುರುಬದುರು ನಿಂತು ಮಾತಾಡ್ತಿದ್ರೆ ಒಬ್ಬನ ಬಲ ಇನ್ನೊಬ್ಬನ ಎಡ. ನೀವು ಗುಂಡಿಯ ಪಕ್ಕದಲ್ಲಿ ನಿಂತು ಅವನಿಗೇನೋ ಹೇಳ್ತಿದ್ರಿ. ಆಗ ಸಿಡೀತು."

"ಊಹೆ."

"ಊಹೆನೇ. ಅವನ ಕುತ್ತಿಗೆಯಿಂದ ಒಂದು ಚುಕ್ಕೆ, ನಿಮ್ಮ ಕೈಯಿಂದ ಒಂದು ಚುಕ್ಕೆ ತೆಗೆದು ಪರೀಕ್ಷೆಗೆ ಕಳಿಸಿದ್ರೆ ಒಂದೇ ಗುಂಡಿಯ ಮದ್ದೋ ಅಲ್ವೋ ಗೊತ್ತಾಗುತ್ತೆ. ಕೊಡೋದೂ ಬಿಡೋದೂ ನಿಮ್ಮಿಷ್ಟ. ಕೋರ್ಟಲ್ಲಿ ಕೇಳ್ತೀವಿ. ಕೊಡಲ್ಲ ಅಂತ ನೀವು ಹೇಳಿದ್ರೂ ಅದು ಒಂದು ಉತ್ತರಾನೇ."

ಮೇಜರ್ ಮುಸುಕು ತೆಗೆದು ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತರು. ಎಡಗೆನ್ನೆಯ ಬಿಳಿ ಗಡ್ಡದ ಸಂದಿನಲ್ಲೂ ಆ ಚುಕ್ಕೆಗಳೇ. ಅತ್ತೆ ಅವಸರಪಡಿಸಲಿಲ್ಲ. ಪಕ್ಕದ ಪೆಟ್ಟಿಗೆಯಿಂದ ಜೇನು ಬಂದು ಅವರ ಸೆರಗಿನ ಮೇಲೆ ಕೂತು, ಸುಖವಾಗಿ ನಾಲ್ಕು ಹೆಜ್ಜೆ ನಡೆದು, ಹಾರಿಹೋಯಿತು.

ಕೊನೆಗೆ ಮಾತು ಬಂತು. ಒಮ್ಮೆ ಬಂದ ಮೇಲೆ ನಿಲ್ಲಲಿಲ್ಲ. ಅವಧಿ ಮೀರಿದ ಗುಂಡುಗಳನ್ನು ನಿಯಮದಂತೆ ಬೇರೆ ಕಡೆ ಕಳಿಸಿ ನಾಶ ಮಾಡಿಸಬೇಕಿತ್ತು. ತಪಾಸಣೆ ಹತ್ತಿರ ಬಂದಿತ್ತು. ಇಲ್ಲೇ ಮುಗಿಸಿಬಿಡೋಣ ಎಂದು ಗೋದಾಮಿನ ಹಿಂದಿನ ಗುಡ್ಡದಲ್ಲಿ ಗುಂಡಿ ತೋಡಿಸಿ, ಡ್ರೈವರನ ಲಾರಿಯಲ್ಲಿ ತರಿಸಿ ಸುಡಿಸಿದ್ದರು. ಅಲ್ಲಿ ದಿನ ಬೆಳಗಾದರೆ ಗುಂಡಿನ ಸದ್ದೇ. ಇನ್ನೊಂದು ಸದ್ದಿಗೆ ಯಾರೂ ತಲೆಯೆತ್ತಲಿಲ್ಲ. ಡ್ರೈವರನನ್ನು ತಮ್ಮ ವಸತಿಯಲ್ಲೇ ಮಲಗಿಸಿ ಮುಲಾಮು ಹಚ್ಚಿಸಿದ್ದರು. ನಾಲ್ಕು ದಿನದಲ್ಲಿ ಎದ್ದು ಓಡಾಡಿದ. ಮುಗಿಯಿತು ಎಂದುಕೊಂಡಿದ್ದರು.

"ಸೋಮವಾರ ಬರ್ತೀರಾ?" ಎಂದರು ಅತ್ತೆ.

"ಬರ್ತೀನಿ. ನನ್ನ ತಪ್ಪು ನಾನು ಹೇಳ್ತೀನಿ. ನನಗೇನು, ವಯಸ್ಸಾಯ್ತು." ಮೇಜರ್ ತಲೆಯೆತ್ತಿದರು. "ಆದ್ರೆ ಮೊದಲು ಅವನನ್ನ ಕೇಳಿಕೊಂಡು ಬನ್ನಿ. ನಾನು ಬಾಯಿ ಬಿಡೋದು ಅವನಿಗೆ ಬೇಕಾ ಅಂತ."

"ಬೇಡ ಅಂತ ಯಾಕೆ ಅಂತಾನೆ?"

"ರಜೆ ಅಂತ ಬರೀರಿ ಅಂದಿದ್ದು ನಾನಲ್ಲಮ್ಮ. ಅವನು. ಕಿವಿಯಿಂದ ರಕ್ತ ಸುರೀತಿತ್ತು, ನನ್ನ ಕಾಲು ಹಿಡ್ಕೊಂಡಿದ್ದ. ನಾನು ಇಲ್ಲಿರಲೇ ಇಲ್ಲ ಅಂತ ಬರೆದುಬಿಡಿ ಸಾರ್ ಅಂದ."

ಅತ್ತೆಯ ಕೈಯಲ್ಲಿದ್ದ ಬಾಟಲಿ ಅಲ್ಲೇ ನಿಂತಿತು. ಇಷ್ಟು ಹೊತ್ತು ಅವರು ಹಾಕಿದ ಹೆಜ್ಜೆಯೆಲ್ಲ ಗಟ್ಟಿ ನೆಲದ ಮೇಲಿತ್ತು. ಈಗ ಮೊದಲ ಸಲ ಕಾಲಡಿ ಟೊಳ್ಳು ಸದ್ದು ಕೇಳಿಸಿತು.

"ಅಲ್ಲಿ ಇನ್ನೊಬ್ಬ ಇದ್ದ," ಎಂದರು ಮೇಜರ್. "ಸೈನ್ಯದವನಲ್ಲ. ಒಳಗೆ ಕಾಲಿಡೋ ಹಾಗೇ ಇರಲಿಲ್ಲ. ಗೆಳೆಯ, ಕೆಲಸ ಇಲ್ಲದೆ ಕೂತಿದ್ದಾನೆ, ಸಾಮಾನು ಇಳಿಸೋಕೆ ಕೈ ಜೋಡಿಸ್ತಾನೆ ಅಂತ ಇವನೇ ಲಾರಿಯಲ್ಲಿ ಅಡಗಿಸಿ ಕರ್ಕೊಂಡು ಬಂದಿದ್ದ. ಗುಂಡಿ ಅಂಚಲ್ಲಿ ನಿಂತಿದ್ದವನು ಅವನು. ಯಾರಿವನು ಅಂತ ನಾನು ಡ್ರೈವರ್‌ನ ಗದರಿಸ್ತಾ ಇದ್ದೆ. ಅಷ್ಟರಲ್ಲಿ ಸಿಡೀತು."

"ಅವನು?"

"ಹೊಗೆ ಇಳಿದ ಮೇಲೆ ಅಲ್ಲಿ ಏನೂ ಉಳಿದಿರಲಿಲ್ಲ. ಹೂಳೋಕೂ ಏನೂ ಇರಲಿಲ್ಲ. ಮನೆಯಲ್ಲಿ ಒಬ್ಬಳು ತಂಗಿ ಇದ್ದಾಳೆ, ಅವಳಿಗೆ ನಾನೇ ಹೇಳ್ತೀನಿ, ನೀವು ಸುಮ್ಮನಿರಿ ಅಂದ." ಮೇಜರ್ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡರು. "ಹೇಳಲಿಲ್ಲ. ಆ ತಂಗಿಯನ್ನೇ ಮದುವೆಯಾದ."

*

ಗೇಟಿನವರೆಗಿನ ದಾರಿಯನ್ನು ಅತ್ತೆ ಎಂದೂ ನಡೆಯದಷ್ಟು ನಿಧಾನವಾಗಿ ನಡೆದರು. ಕೇಸು ಗೆದ್ದಂತೆಯೇ ಆಗಿತ್ತು. ಸೋಮವಾರ ಮೇಜರ್ ಕಟಕಟೆ ಹತ್ತಿದರೆ ಡ್ರೈವರನಿಗೆ ಆಸ್ಪತ್ರೆ ಸಿಗುತ್ತದೆ, ಬೀದಿಯ ಬಾಯಿಗೆ ಬೀಗ ಬೀಳುತ್ತದೆ. ಅದೇ ಕಟಕಟೆಯಲ್ಲಿ, ಎಲ್ಲರ ಎದುರು, ತನ್ನ ಅಣ್ಣ ಹೇಗೆ ಸತ್ತನೆಂದು, ಅದನ್ನು ಗಂಡ ಎಷ್ಟು ವರ್ಷ ನುಂಗಿಕೊಂಡನೆಂದು ಈ ಹೆಣ್ಣಿಗೆ ಗೊತ್ತಾಗುತ್ತದೆ. ಡ್ರೈವರ್ ಕಾಲರಿನ ಗುಂಡಿ ಯಾಕೆ ಹಾಕಿಕೊಳ್ಳುತ್ತಾನೆ ಎಂಬುದು ಅತ್ತೆಗೆ ಈಗ ಅರ್ಥವಾಗಿತ್ತು.

ಕೋರ್ಟಿನಲ್ಲಿ ಗೊತ್ತಾಗಬಾರದು. ಅದೊಂದನ್ನು ಅವರು ದಾರಿಯಲ್ಲೇ ತೀರ್ಮಾನಿಸಿದರು. ಗಂಡನ ಬಾಯಿಂದಲೇ ಬರಬೇಕು, ಮನೆಯಲ್ಲಿ, ಇಂದೇ.

ಟೀಚರ್ ಕಾರಿಗೊರಗಿ ನಿಂತಿದ್ದಳು. ಅತ್ತೆಯ ಕೈಯಲ್ಲಿ ಬಾಟಲಿ ಕಂಡು ಮುಖ ಅರಳಿತು. ಒಪ್ಪಿದರಾ ಎಂದು ಕೇಳಿದಳು. ಒಪ್ಪಿದರು ಎಂದರು ಅತ್ತೆ. ಅವಳು ಎರಡೂ ಕೈಯಿಂದ ಅತ್ತೆಯ ಕೈ ಹಿಡಿದುಕೊಂಡಳು; ಬಹಳ ಹೊತ್ತು ಬಿಡಲಿಲ್ಲ.

ಕಾರು ಹೊರಟಿತು. ತಿರುವು ದಾಟಿದ ಮೇಲೆ ಅತ್ತೆ ಕಿಟಕಿಯ ಕಡೆ ನೋಡುತ್ತಲೇ, ಹವೆಯ ಮಾತಾಡುವಂತೆ, ತವರುಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು.

"ಅಪ್ಪ ಅಮ್ಮ ಹೋಗಿ ಬಹಳ ದಿನ ಆಯ್ತು. ಒಬ್ಬ ಅಣ್ಣ."

"ಅಣ್ಣ..." ಅತ್ತೆ ಪದ ಹುಡುಕಿದರು. "ಅವರ ಸುದ್ದಿ ಏನಾದ್ರೂ...?"

ಟೀಚರ್ ನಕ್ಕಳು. "ಅವನದೊಂದು ಕತೆ. ನನ್ನ ಮದುವೆಗೂ ಮುಂಚೆ ಹಡಗಿನ ಕೆಲಸ ಅಂತ ಹೋದವನು, ಇವತ್ತಿನವರೆಗೂ ಮುಖ ತೋರಿಸಿಲ್ಲ. ಆದ್ರೆ ತಿಂಗಳಿಗೊಂದು ಸಲ ಫೋನು ಮಾತ್ರ ತಪ್ಪಿಸಲ್ಲ. ಮೊನ್ನೆ ತಾನೇ ಮಾಡಿದ್ದ."

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು. ಹೂಳೋಕೆ ಏನೂ ಸಿಗದಿದ್ದದ್ದು ಅವನು ಸಾಯದೇ ಹೊಗೆಯ ಮರೆಯಲ್ಲಿ ಓಡಿಹೋದದ್ದರಿಂದಲೋ?

"ದನಿ ಅವನದೇನಾ?"

"ಇದೇನತ್ತೆ ಹೀಗೆ ಕೇಳ್ತೀರಾ? ನನ್ನ ಅಣ್ಣನ ದನಿ ನನಗೆ ಗೊತ್ತಾಗಲ್ವಾ?" ಅವಳು ಗೇರು ಬದಲಾಯಿಸಿದಳು. "ಅರ್ಜಿ ಹಾಕು ಅಂತ ಹಿಂದೆ ಬಿದ್ದವನು ಅವನೇ. ಅದು ತಿರಸ್ಕಾರ ಆದಾಗ, ಅತ್ತೆ ಅಂತ ಒಬ್ಬರಿದ್ದಾರೆ, ಅವರ ಹತ್ರ ಹೋಗು ಅಂದಿದ್ದೂ ಅವನೇ. ಏನೇ ಆದ್ರೂ ಆ ಮೇಜರ್‌ನ ಮಾತ್ರ ಬಿಡಬೇಡ ಅಂದಿದ್ದ."